ಎಡಗಣ್ಣಿನಲ್ಲಿ ಗೋಡೆ ಒಡೆಯುವ ಕ್ರಮ

ಒಬ್ಬ ದರ್ಜಿ ಹೆಂಗಸಿನ ಎಡಗಣ್ಣಿನ ಕಣ್ಣೀರು ವಿಭಾಗದಲ್ಲಿ ಮೂವರು ಸಿಬ್ಬಂದಿ ಇದ್ದರೆಂಬುದೂ, ಅವರಲ್ಲಿ ಕೆಲಸ ಮಾಡುತ್ತಿದ್ದವನು ಒಬ್ಬನೇ ಎಂಬುದೂ ನಿರ್ವಿವಾದ ಸಂಗತಿಗಳು. ಆ ಒಬ್ಬನ ಹುದ್ದೆ ಕಿಣ್ವ. ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿ ಮಾವ ಎಂದು.

ಬ್ಯಾಕ್ಟೀರಿಯಾಗಳಿಗೆ ಮೈಸುತ್ತ ಒಂದು ಗೋಡೆ ಇರುತ್ತದೆ, ಸಕ್ಕರೆಯ ಎಳೆಗಳಿಂದ ಹೆಣೆದದ್ದು. ಸಕ್ಕರೆಗೆ ಸಕ್ಕರೆ ಕೂಡುವ ಗಂಟು ಹುಡುಕಿ ಮಾವ ಅಲ್ಲಲ್ಲಿ ಕತ್ತರಿ ಆಡಿಸುತ್ತಿದ್ದ. ಗೋಡೆ ಸಡಿಲವಾಗಿ, ಹೊರಗಿನ ನೀರು ಒಳನುಗ್ಗಿ, ಒಳಗಿದ್ದವನು ಉಬ್ಬಿ ಒಡೆದುಹೋಗುತ್ತಿದ್ದ. ಚೂರುಪಾರನ್ನು ರೆಪ್ಪೆ ಗುಡಿಸಿ ಮೂಗಿನ ಮೋರಿಗೆ ತಳ್ಳುತ್ತಿತ್ತು. ದರ್ಜಿ ಹೆಂಗಸು ಈ ಕಣ್ಣಿನಿಂದಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಲಗಣ್ಣು ಮೊದಲಿನಿಂದಲೂ ಮಂದ.

ಹೊಸ ಅಧೀಕ್ಷಕರು ಬಂದವರೇ ಕಡತಗಳ ಬೀರು ತೆಗೆಸಿದರು. ಅದು ಖಾಲಿ ಇತ್ತು.

"ಇಷ್ಟು ವರ್ಷ ಏನ್ರೀ ಮಾಡ್ತಿದ್ರಿ?"

"ಗೋಡೆ ಒಡೀತಿದ್ದೆ ಸಾರ್."

"ಒಡೆದ ಗೋಡೆ ತೋರ್ಸಿ."

"ಒಡೆದ್ಮೇಲೆ ಎಲ್ಲಿರುತ್ತೆ ಸಾರ್? ಕೊಚ್ಕೊಂಡು ಹೋಗುತ್ತೆ."

"ಅಂದ್ರೆ ಸಾಕ್ಷ್ಯನಾಶ ಬೇರೆ," ಎಂದು ಅಧೀಕ್ಷಕರು ಬರೆದುಕೊಂಡರು.

ಅಂದೇ ಕೆಳರೆಪ್ಪೆಯ ಒಳಬದಿಗೆ ಪ್ರಕಟಣೆ ಅಂಟಿತು: "ಯಾವುದೇ ಗೋಡೆಯನ್ನು ಕತ್ತರಿಸುವ ಮುನ್ನ ಅದರ ಮಾಲೀಕರಿಗೆ ನೋಟಿಸು ನೀಡಿ, ಉತ್ತರಿಸಲು ಅರ್ಧ ಗಂಟೆ ಕಾಲಾವಕಾಶ ಕೊಡತಕ್ಕದ್ದು. ತಪ್ಪಿದಲ್ಲಿ ಸಂಬಂಧಪಟ್ಟ ಕಿಣ್ವವನ್ನು ಮೂಗಿಗೆ ವರ್ಗಾಯಿಸಲಾಗುವುದು."

ಮೂಗಿನಲ್ಲೂ ಕೆಲಸ ಇದೇ. ಆದರೆ ಅಲ್ಲಿ ಸಿಂಬಳದಲ್ಲಿ ಮುಳುಗಿ ಮಾಡಬೇಕು. ಮಾವ ಕತ್ತರಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಮರುದಿನ ಬೆಳಿಗ್ಗೆ ದರ್ಜಿ ಹೆಂಗಸು ಕೊಳೆ ಬೆರಳಲ್ಲಿ ಕಣ್ಣುಜ್ಜಿಕೊಂಡಳು. ಬೆರಳಿನಿಂದ ಒಬ್ಬನೇ ಒಬ್ಬ ಬ್ಯಾಕ್ಟೀರಿಯಾ ಇಳಿದು ರೆಪ್ಪೆಯ ಮೂಲೆಯಲ್ಲಿ ಕೂತ. ಮಾವನ ಕೈ ಕತ್ತರಿಗೆ ಹೋಯಿತು.

"ಒಂದೇಟು ಹಾಕ್ಬಿಡಿ ಮಾವ, ಯಾರು ನೋಡ್ತಾರೆ?" ಎಂದಳು ನೋಟಿಸು ಬರೆಯಬೇಕಿದ್ದ ವಿಭಾಗದ ಗುಮಾಸ್ತೆ.

"ನಾನು ನೋಡ್ತೀನಿ," ಎಂದರು ಹಿಂದೆ ನಿಂತಿದ್ದ ಅಧೀಕ್ಷಕರು.

ಮಾವ ನೋಟಿಸು ಕೊಟ್ಟ. ಬಂದವನು ವಿನಯದಿಂದ ಸಹಿ ಹಾಕಿ ತೆಗೆದುಕೊಂಡ. ಅರ್ಧ ಗಂಟೆ ಬಿಟ್ಟು ಹೋದರೆ ಅಲ್ಲಿ ಇಬ್ಬರು.

"ನೋಟಿಸು ತಗೊಂಡೋರು ಯಾರು?"

"ಅವರು ಈಗಿಲ್ಲ," ಎಂದರು ಇಬ್ಬರೂ ಒಟ್ಟಿಗೆ. "ಅವರೇ ಸೀಳಿ ನಾವಾಗಿದ್ದು."

ವಿಷಯ ಅಧೀಕ್ಷಕರ ಮೇಜಿಗೆ ಹೋಯಿತು. ಅವರು ಕನ್ನಡಕ ಸರಿಮಾಡಿಕೊಂಡು, ಇಲ್ಲದವರ ಹೆಸರಿನ ನೋಟಿಸು ಊರ್ಜಿತವಲ್ಲ, ವಾರಸುದಾರರಿಗೆ ಪ್ರತ್ಯೇಕ ನೋಟಿಸು ಕೊಡಿ, ಎಂದರು. ಕೊಟ್ಟರು. ಅರ್ಧ ಗಂಟೆಗೆ ವಾರಸುದಾರರು ನಾಲ್ವರಾದರು. ಊಟದ ಹೊತ್ತಿಗೆ ಗುಮಾಸ್ತೆಯ ಬೆರಳು ಬಾತಿತ್ತು, ಕಾಗದ ಮುಗಿದಿತ್ತು, ರೆಪ್ಪೆಯ ಮೂಲೆಯಲ್ಲಿ ಒಂದು ಬಡಾವಣೆಯೇ ಎದ್ದಿತ್ತು. ಕತ್ತರಿ ಮಸೆಯುವ ಸದ್ದಿಗೆ ತಮ್ಮ ನೆಮ್ಮದಿ ಹಾಳಾಗುತ್ತಿದೆಯೆಂದು ನಿವಾಸಿಗಳ ಸಂಘ ದೂರು ಕೊಟ್ಟಿತು. ಅಧೀಕ್ಷಕರು ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀರು ಖಾಲಿಯಿದ್ದದ್ದು ಹೀಗೆ ಉಪಯೋಗಕ್ಕೆ ಬಂತು.

ಮೂರನೆಯ ದಿನ ಕಣ್ಣು ಕೆಂಡದಂತಾಗಿ, ಗೀಜು ತುಂಬಿ, ರೆಪ್ಪೆಗಳು ಅಂಟಿಕೊಂಡವು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತೆಂದು ಗುಮಾಸ್ತೆ ಗೊಣಗಿದಳು. ಅಧೀಕ್ಷಕರ ವರದಿ ಬೇರೆಯೇ ಇತ್ತು: "ಕಣ್ಣು ಸಂಪೂರ್ಣ ಮುಚ್ಚಿರುವುದರಿಂದ ಹೊರಗಿನ ಧೂಳು ಶೂನ್ಯಕ್ಕಿಳಿದಿದೆ. ಇದು ವಿಭಾಗದ ಇತಿಹಾಸದಲ್ಲೇ ಪ್ರಥಮ."

ಮೇಲಿನಿಂದ ಪ್ರಶಂಸಾಪತ್ರ ಬಂತು. ಹೊರಗೆ ದರ್ಜಿ ಹೆಂಗಸು ಸೂಜಿಯನ್ನು ಮೂಗಿನ ಹತ್ತಿರ ಹಿಡಿದು, ದಾರವನ್ನು ಅದರ ಆಚೆಗೊಮ್ಮೆ ಈಚೆಗೊಮ್ಮೆ ಚುಚ್ಚುತ್ತ, "ಇನ್ನೊಂದು ಕಣ್ಣಿದೆಯಲ್ಲ, ಅಭ್ಯಾಸ ಆಗುತ್ತೆ ಬಿಡಿ," ಎಂದು ಗಿರಾಕಿಗೆ ಸಮಾಧಾನ ಹೇಳುತ್ತಿದ್ದಳು.

ಆ ಇನ್ನೊಂದು ಕಣ್ಣಿನ ಕಿಣ್ವ ಅದೇ ವಾರ ಬಂದು, ಈ ಪ್ರಶಂಸೆಗೆ ಕಾರಣವಾದ ನಿಯಮಾವಳಿಯ ಪ್ರತಿ ಕೇಳಿದ. ಕತ್ತರಿಯಿಲ್ಲದೆ ಕೈ ಬಿಡುವಾಗಿದ್ದ ಮಾವ, ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟ.

"ಅರ್ಧ ಗಂಟೆ ಸಾಕಾಗುತ್ತಾ ಮಾವ?"

"ಸಾಲಲ್ಲಪ್ಪ, ಒಂದು ಗಂಟೆ ಮಾಡ್ಕೊಳ್ಳಿ," ಎಂದ ಮಾವ. "ಅವರಿಗೂ ಮಕ್ಕಳುಮರಿ ಇರುತ್ತೆ."