ಸಂಜೆಯೊಳಗೊಂದು ಪಾಲಿಸಿ

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಬ್ರಾಂಚ್ ಮ್ಯಾನೇಜರರ ಫೋನು ಬಂತು. "ಸಂಜೆ ಆಫೀಸು ಮುಚ್ಚೋದ್ರೊಳಗೆ ಒಂದಾದ್ರೂ ಪಾಲಿಸಿ ತನ್ನಿ. ಇಲ್ಲಾಂದ್ರೆ ನಿಮ್ಮ ಏಜೆನ್ಸಿ ರದ್ದು. ನನ್ನ ಕೈಲೇನೂ ಇಲ್ಲ," ಎಂದರು. ಬಾಯಿ ತುಂಬ ನೊರೆ ತುಂಬಿಕೊಂಡಿದ್ದ ವಿಮಾ ಏಜೆಂಟನಿಗೆ "ಊಂ" ಎನ್ನುವುದರ ಹೊರತು ಬೇರೇನೂ ಹೇಳಲಾಗಲಿಲ್ಲ. ಜನರೆಲ್ಲ ಫೋನಿನಲ್ಲೇ ವಿಮೆ ಕೊಳ್ಳತೊಡಗಿದ ಮೇಲೆ ಅವನ ಬ್ಯಾಗಿಗೆ ಕೆಲಸವಿರಲಿಲ್ಲ. ಹೆಂಡತಿ ಅದರಲ್ಲಿ ಈರುಳ್ಳಿ ತರಿಸುತ್ತಿದ್ದಳು.

ಮೊದಲು ಮೇಲ್ಮಹಡಿಯ ಅಕ್ಕನ ಬಾಗಿಲು ತಟ್ಟಿದ. ಆಕೆ ಅವನನ್ನು ಕೂರಿಸಿಕೊಂಡು, ಗಂಡನ ಬೆನ್ನುನೋವು, ಸಕ್ಕರೆ ಕಾಯಿಲೆ ಎಲ್ಲವನ್ನೂ ವರದಿ ಮಾಡಿ, ಯಾವುದಕ್ಕೆ ದುಡ್ಡು ಸಿಗುತ್ತದೆ, ಯಾವುದಕ್ಕೆ ಕಾಯಬೇಕು ಎಂದು ಎಳೆಎಳೆಯಾಗಿ ವಿಚಾರಿಸಿದಳು. ಉತ್ತರ ಹೇಳಿ ಹೇಳಿ ಅವನ ಗಂಟಲು ಒಣಗಿತು. ಆದರೂ ಆಸೆ ಚಿಗುರಿತ್ತು.

"ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ದೆ ತಮ್ಮಾ. ಇನ್ನು ಧೈರ್ಯವಾಗಿ ಆನ್‌ಲೈನಲ್ಲೇ ಮಾಡಿಸ್ತೀನಿ, ಕಡಿಮೆಗೆ ಸಿಗತ್ತಲ್ಲ."

"ಮತ್ತೆ ನಾನು, ಅಕ್ಕಾ?"

"ನಾಳೆ ಇವ್ರು ಆಸ್ಪತ್ರೆ ಸೇರಿದ್ರೆ ಆ ಫೋನು ಓಡಾಡತ್ತಾ? ಅದಕ್ಕೆ ನೀನಿದ್ದೀಯಲ್ಲ."

ಮೆಟ್ಟಿಲಿಳಿಯುತ್ತಲೇ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದ. "ಬೇಜಾರ್ ಮಾಡ್ಕೋಬೇಡಿ ಭಾವ," ಎಂದ ಅವನು. "ನಿಮ್ಮ ಹತ್ರ ನನ್ನ ಕಾಯಿಲೆ ಹೇಳಿದ್ರೆ ನಮ್ಮಕ್ಕನಿಗೆ ಗೊತ್ತಾಗತ್ತೆ. ಅಕ್ಕನಿಗೆ ಗೊತ್ತಾದ್ರೆ ಊರಿಗೇ ಗೊತ್ತಾದಂಗೆ. ಕಂಪ್ಯೂಟರ್ ಪಾಪ, ಯಾರ ಹತ್ರಾನೂ ಬಾಯಿ ಬಿಡಲ್ಲ."

ಕೆಳಗಿನ ಕನ್ನಡಕದಂಗಡಿಯವನು ಅದಾಗಲೇ ಫೋನಿನಲ್ಲಿ ವಿಮೆಯ ಅರ್ಜಿ ತುಂಬುತ್ತಿದ್ದ. "ಒಳ್ಳೇ ಟೈಮಿಗೆ ಬಂದ್ರಿ. ನನ್ನ ಮುಖದ ವಿಡಿಯೋ ಕಳಿಸ್ಬೇಕಂತೆ, ಸ್ವಲ್ಪ ಫೋನ್ ಹಿಡ್ಕೊಳ್ಳಿ," ಎಂದ. ಏಜೆಂಟ ಹಿಡಿದುಕೊಂಡ. ವಿಡಿಯೋ ಮಸುಕಾಯಿತೆಂದು ಬೈಸಿಕೊಂಡು ಇನ್ನೊಂದು ಸಲವೂ ಹಿಡಿದುಕೊಂಡ. ತನ್ನ ಗುಂಡಿ ತಾನೇ ತೋಡಿಕೊಳ್ಳುವಾಗ ಇಷ್ಟೊಂದು ವಿನಯ ಬೇಕಾಗಿರಲಿಲ್ಲ. ಅರ್ಜಿ ಹೋಯಿತು, ಅವನೂ ಹೊರಟ.

ಹೊತ್ತಿಳಿಯುವಾಗ ಬಸ್ ಸ್ಟಾಪಿನ ಬೆಂಚಿನಲ್ಲಿ ಒಬ್ಬನೇ ಕೂತ. ಅವನಿಗೆ ನಿಜವಾಗಿಯೂ ಅಳು ಬಂತು. ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳುವುದು? ತಾನು ಸತ್ತರೆ ಅವಳ ಗತಿಯೇನು ಎಂದು ಯೋಚಿಸುವಷ್ಟರಲ್ಲಿ ಥಟ್ಟನೆ ಹೊಳೆಯಿತು. ಇಷ್ಟು ವರ್ಷ ಊರಿಗೆಲ್ಲ ಸಾವಿನ ಭಯ ಹಂಚಿದವನಿಗೆ ಸ್ವಂತಕ್ಕೊಂದು ಪಾಲಿಸಿ ಇರಲಿಲ್ಲ.

ತಕ್ಷಣ ಮ್ಯಾನೇಜರಿಗೆ ಫೋನ್ ಹಚ್ಚಿದ. "ಸರ್, ನಾನೇ ನನ್ನ ಗಿರಾಕಿಯಾದ್ರೆ ನಡೆಯತ್ತಾ?"

"ಪಾಲಿಸಿ ಯಾರದಾದ್ರೇನ್ರೀ, ಬೇಗ ಹಾಕಿ."

ಏಜೆಂಟರಿಗೆಂದೇ ಕಂಪನಿ ಕೊಟ್ಟಿದ್ದ ಆ್ಯಪ್ ತೆರೆದು ಅರ್ಜಿ ತುಂಬಿದ. ಎಷ್ಟೋ ತಿಂಗಳ ಮೇಲೆ "ನಾಳೆ ಹೇಳ್ತೀನಿ" ಎನ್ನದ ಗಿರಾಕಿಯೊಬ್ಬ ಸಿಕ್ಕಿದ್ದ. ಕಣ್ಣೊರೆಸಿಕೊಂಡು ಕಳಿಸಿದ.

ಉತ್ತರ ಬರಲು ತಡವಾಗಲಿಲ್ಲ. 'ಕ್ಷಮಿಸಿ. ನಮ್ಮ ಕಂಪನಿಯಿಂದ ನಿಮಗೆ ಬರುತ್ತಿರುವ ಕಮಿಷನ್ನಿನ ಆದಾಯ ಈ ವಿಮೆ ಪಡೆಯಲು ಸಾಲದು. ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ಹೆಚ್ಚಿನ ವಿವರಗಳಿಗೆ ನಿಮ್ಮ ಏಜೆಂಟರನ್ನು ಸಂಪರ್ಕಿಸಿ.'

ಕೆಳಗೆ ಅವನದೇ ನಂಬರು ಇತ್ತು.