ಪೊಲೀಸ್ ಕ್ಲಬ್ಬಿನ ಹಗ್ಗ ಮತ್ತು ಇಬ್ಬರು ಪಂಚರು

ನಮ್ಮಪ್ಪ ಜೀವಮಾನವಿಡೀ ಪೊಲೀಸ್ ಕೆಲಸ ಮಾಡಿದ. ಒಬ್ಬ ಕಳ್ಳನನ್ನಾದರೂ ಹಿಡಿದನೋ ಇಲ್ಲವೋ, ದೇವರಿಗೇ ಗೊತ್ತು. ಆದರೆ ಒಂದು ಹಗ್ಗದ ಹುಟ್ಟೂರು ಹುಡುಕಲು ಸೈಕಲ್ ಮೇಲೆ ಕಾಗವಾಡ ಸೀಮೆಯನ್ನೆಲ್ಲ ಸುತ್ತಿದ ಪೊಲೀಸ ಇಡೀ ಇಲಾಖೆಯಲ್ಲಿ ಅವನೊಬ್ಬನೇ!

ಅಪ್ಪನಿಗೊಂದು ಚಾಳಿ. ಪಂಚನಾಮೆ ಬರೆದು ಬರೆದು, ಇಬ್ಬರು ಪಂಚರು ಸಾಕ್ಷಿ ಹೇಳದ ಹೊರತು ಲೋಕದ ಯಾವ ಮಾತನ್ನೂ ನಂಬುತ್ತಿರಲಿಲ್ಲ. ಅವ್ವ "ಚಹಾ ಸುಡ್ತೈತಿ, ಸಾವಕಾಶ ಕುಡೀರಿ" ಅಂದರೆ, "ನೀ ಒಬ್ಬಾಕಿ ಹೇಳಿದ್ರ ಆತೇನ? ಇನ್ನೊಬ್ಬ ಪಂಚ ಯಾರು?" ಎನ್ನುತ್ತಿದ್ದ.

"ನಿಮ್ಮ ನಾಲಿಗಿ!" ಎನ್ನುತ್ತಿದ್ದಳು ಅವ್ವ. ಮೊದಲ ಗುಟುಕಿಗೇ ಎರಡನೆಯ ಸಾಕ್ಷಿಯೂ ಸಿಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ನಾನಿನ್ನೂ ಎರಡು ಜಡೆಯ ಶಾಲೆ ಹುಡುಗಿ. ಚಿಕ್ಕೋಡಿ ಸೀಮೆಯ ನಮ್ಮ ಠಾಣೆಯ ಹಿಂದೆ ಹೆಂಚಿನದೊಂದು ಖೋಲಿ. ಬಾಗಿಲ ಮೇಲೆ 'ಪೊಲೀಸ್ ಸ್ಪೋರ್ಟ್ಸ್ ಅಂಡ್ ಸೋಶಿಯಲ್ ಕ್ಲಬ್' ಎಂಬ ಹಲಗೆ. ಒಳಗೆ ಕೇರಂ ಬೋರ್ಡು, ಹರಕು ವಾಲಿಬಾಲ್ ನೆಟ್ಟು, ಮತ್ತು ಹಗ್ಗ ಜಗ್ಗುವ ಆಟದ ತೋಳುಗಾತ್ರದ ಹಗ್ಗ. ಹೊಸದಾಗಿ ಬಂದ ಸಾಹೇಬರಿಗೆ ಅಲ್ಲಿ ಜಪ್ತಿ ಮಾಲು ತುಂಬಿಸುವ ಆಸೆ. "ಇದೇನ್ ಕ್ಲಬ್ಬೋ, ಕಸದ ಖೋಲಿಯೋ? ಐತವಾರ ಇದರ ಹಿಸ್ಟರಿ ಹೇಳ್ರಿ. ಆಗಲಿಲ್ಲಂದ್ರ ಕೀಲಿ ನನ್ನ ಕೈಗೆ!" ಎಂದರು. ಸಂಜೆ ಆ ಖೋಲಿಯಲ್ಲಿ ಕೂತು ಕೇರಂ ಹೊಡೆಯದಿದ್ದರೆ ಅಪ್ಪನಿಗೆ ಉಂಡದ್ದು ಅರಗುತ್ತಿರಲಿಲ್ಲ. ಕೇಸು ಕೈಗೆತ್ತಿಕೊಂಡ.

ಮೊದಲು ಹಗ್ಗವನ್ನೇ ವಿಚಾರಿಸಿದ. ಉಗಾರ ಖುರ್ದದಲ್ಲಿದ್ದ ನಿವೃತ್ತ ಹವಾಲ್ದಾರನೊಬ್ಬ, "ಅದನ್ನ ಸಕ್ರಿ ಫ್ಯಾಕ್ಟರಿ ಮಂದೀನ ಸೋಲಿಸಿ ಗೆದ್ದು ತಂದೇವಿ" ಎಂದ. ಎರಡನೆಯ ಪಂಚನಿಗಾಗಿ ಶಿರಗುಪ್ಪಿಗೆ ಹೋದರೆ ಅಲ್ಲಿಯ ಹಳೇ ಪೇದೆ, "ಗೆದ್ದಿದ್ದು ಎಲ್ಲೀದು ಬಿಡ್ರಿ! ಕಬ್ಬಿನ ಗಾಡೀದು. ಕೇಳಿ ತಂದಿದ್ವಿ, ವಾಪಸ್ ಕೊಡೂದು ಮರ್ತ ಬಿಟ್ವಿ" ಎಂದ. ಅಪ್ಪ ಹಣೆ ಚಚ್ಚಿಕೊಂಡ. ಪೊಲೀಸ್ ಕ್ಲಬ್ಬಿನ ಹಗ್ಗವೇ ಕಳವಿನ ಮಾಲಾದರೆ ಜಪ್ತಿ ಮಾಡುವವರು ಯಾರು?

ಐತವಾರ ಕ್ವಾರ್ಟರ್ಸಿನ ಮಂದಿಯೆಲ್ಲ ನೆರೆದಿತ್ತು. ಅಪ್ಪ ಹಗ್ಗದ ಕಥೆ ಹೇಳಿದ, ಕಬ್ಬಿನ ಗಾಡಿಯ ಸಮೇತ! ಪ್ರಾಮಾಣಿಕತನಕ್ಕೂ ಒಂದು ಮಿತಿ ಬೇಡವೇ? ಸಾಹೇಬರು ನಕ್ಕರು. "ಸ್ಪೋರ್ಟ್ಸ್ ಆತು. ಮತ್ತ ಈ ಸೋಶಿಯಲ್ ಅಂದ್ರ ಏನ್ ಮಾಡೀರಿ?"

ಅಪ್ಪನಿಗೆ ಕೇರಂ ಬಿಟ್ಟು ಏನೂ ನೆನಪಾಗಲೊಲ್ಲದು. ಸಾಹೇಬರು ಅಪ್ಪನ ಹತ್ತಿರವಿದ್ದ ಕೀಲಿಗೆ ಕೈ ಚಾಚಿ ಇಸಿದುಕೊಂಡೂ ಬಿಟ್ಟರು.

"ನಾ ಹೇಳ್ತೀನ್ರಿ" ಎಂದು ಹಿಂದಿನಿಂದ ಅವ್ವ ಎದ್ದಳು. "ನಾ ಬಸುರಿ ಇದ್ದಾಗ ತವರಮನಿ ಕಬ್ಬೂರಾಗ ಇದ್ದೆ. ಇವರು ನಿಪ್ಪಾಣಿಗೆ ಬಂದೋಬಸ್ತಿಗೆ ಹೋಗಿದ್ರು. ಬ್ಯಾನಿ ಸುರು ಆತು, ಮಳಿ ಬ್ಯಾರೆ. ಕ್ಲಬ್ಬಿನವರು ರಾಯಬಾಗದಾಗ ಹಗ್ಗದ ಆಟ ಸೋತು ಅದೇ ಹಾದೀಲೆ ವ್ಯಾನಿನ್ಯಾಗ ಬರಾಕತ್ತಿದ್ರು. ದವಾಖಾನಿಗಂತ ನನ್ನ ಕೂಡ್ರಿಸಿಕೊಂಡ್ರು. ಊರ ಹೊರಗ ಎರಿ ಮಣ್ಣಾಗ ಗಾಲಿ ಹೂತುಬಿಟ್ಟವು. ಇದೇ ಹಗ್ಗ ಕಟ್ಟಿ, ಹೈಸಾ ಅಂತ ಜಗ್ಗಿ ತಗದ್ರು. ಇನ್ನ ಸ್ವಲ್ಪ ತಡ ಆಗಿದ್ರ ತಾಯಿ, ಕೂಸು ಇಬ್ಬರೂ ಉಳೀತಿದ್ದಿಲ್ಲ ಅಂದ್ರು ಡಾಕ್ಟರು."

"ನನಗ್ಯಾಕ ಹೇಳಲಿಲ್ಲ?" ಎಂದ ಅಪ್ಪ.

"ಹೇಳಿದ್ದೆ. ಹಗ್ಗ ಕಟ್ಟಿ ಯಾರರ ವ್ಯಾನ್ ಜಗ್ತಾರೇನ, ಇನ್ನೊಬ್ಬ ಪಂಚ ಯಾರು ಅಂದ್ರಿ! ನಾ ಬಾಣಂತನ ಮುಗಿಸಿ ಬರೂದ್ರಾಗ ಜಗ್ಗಿದವರೆಲ್ಲಾ ವರ್ಗ ಆಗಿ ಹೋಗಿದ್ರು. ಸಿಟ್ಟು ಬಂತು, ಸುಮ್ನಾದೆ."

ಆದರೂ ಚಾಳಿ ಬಿಡಬೇಕಲ್ಲ! ಅಪ್ಪ ತಡವರಿಸುತ್ತ ಕೇಳಿಯೇ ಬಿಟ್ಟ: "ಮತ್ತ... ಇನ್ನೊಬ್ಬ ಪಂಚ?"

ಅವ್ವ ನನ್ನ ರಟ್ಟೆ ಹಿಡಿದು ಮುಂದೆ ನಿಲ್ಲಿಸಿದಳು. "ಇಕೀ ನೋಡ್ರಿ. ಇಕೀನೂ ಆವತ್ತ ವ್ಯಾನಿನ್ಯಾಗ ಇದ್ಲು."

ಸಾಹೇಬರು ಕೀಲಿಯನ್ನು ಅಪ್ಪನ ಕಿಸೆಗೇ ಹಾಕಿದರು. ಅಪ್ಪನಿಗೆ ಅದರ ಖಬರೂ ಇರಲಿಲ್ಲ. ಹಗ್ಗವನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡ. ನನ್ನನ್ನು ಬರಸೆಳೆದು ತಬ್ಬಿಕೊಂಡ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸುಳ್ಳೆನ್ನುವಿರಾ? ಅವ್ವನೂ ನೋಡಿದ್ದಾಳೆ.