ಮಾವ ಬೆಳೆಸಿದ ಕಳೆ

ನಮ್ಮ ಸೋದರಮಾವನಿಗೆ ಯಾರ ಮೇಲೂ ಸಂಶಯವಿಲ್ಲ. ಎಲ್ಲರೂ ಮೋಸಗಾರರೆಂಬುದು ಅವರಿಗೆ ಖಚಿತ! ಉರ್ವದ ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವುದು ಎಲ್ಲರೂ ಮಾಡುವ ಕೆಲಸ. ಮಾವ ಮೀನು ಮಾರುವವಳ ಮುಖವನ್ನೂ ಅಷ್ಟೇ ಹೊತ್ತು ನೋಡುತ್ತಿದ್ದರು. ಸಿಟಿ ಬಸ್ಸಿನ ಕಂಡಕ್ಟರ್ ನಕ್ಕನೋ, ಮುಗಿಯಿತು, ಇಳಿಯುವವರೆಗೆ ಜೇಬಿನಿಂದ ಕೈ ತೆಗೆಯುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ವಾಮಂಜೂರಿನಲ್ಲಿ ನಮಗೊಂದು ತುಂಡು ಗದ್ದೆಯಿತ್ತು. ಕಳೆ ಕೀಳಲು ಆಳುಗಳನ್ನು ನಂಬುವುದುಂಟೇ? ಮಾವ ತಾವೇ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಎಲೆ ಸ್ವಲ್ಪ ಅಗಲ ಕಂಡರೂ, ಬುಡ ಸ್ವಲ್ಪ ಕೆಂಪಾದರೂ ಕಿತ್ತೆಸೆಯುತ್ತಿದ್ದರು. ವರ್ಷ ವರ್ಷವೂ ಹೀಗೇ. ಕೊನೆಗೊಂದು ವರ್ಷ ತೆನೆ ಬಂದಾಗ ನೋಡುತ್ತೇವೆ, ಅರ್ಧ ಗದ್ದೆ ಕಳೆ! ಅಲ್ಲಿಯವರೆಗೆ ಥೇಟು ಭತ್ತದ ಪೈರಿನ ಹಾಗೇ ಇತ್ತು.

"ಯಾರೋ ಬೇಕೆಂತಲೇ ಬಿತ್ತಿದ್ದಾರೆ," ಎಂದರು ಮಾವ.

"ನೀವೇ ಬೆಳೆಸಿದ್ದು ಮಾವ," ಎಂದೆ. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ, ಬಾಯಿ ಸ್ವಲ್ಪ ಜೋರು. "ಕಳೆ ಎಲ್ಲ ಒಂದೇ ಹಾಗೆ ಇರುವುದಿಲ್ಲ. ಭತ್ತದ ಹಾಗೆ ಕಾಣದ್ದನ್ನು ನೀವು ಕಿತ್ತಿರಿ. ಸ್ವಲ್ಪ ಹೋಲುವುದು ಉಳಿದು ಬೀಜ ಉದುರಿಸಿತು. ಅದರ ಮಕ್ಕಳಲ್ಲಿ ಇನ್ನೂ ಹೆಚ್ಚು ಹೋಲುವುದು ಉಳಿಯಿತು."

"ಅಂದ್ರೆ ಅದು ನನ್ನನ್ನು ನೋಡಿ ವೇಷ ಹಾಕಿದ್ದಾ?"

"ಅದಕ್ಕೆಂತ ಗೊತ್ತು? ಅದು ಹುಟ್ಟಿದ್ದೇ ಹಾಗೆ. ಆರಿಸಿದ್ದು ನೀವು ಮಾರಾಯ್ರೆ!"

"ಇದನ್ನೆಲ್ಲ ನಿಂಗೆ ಹೇಳಿಕೊಟ್ಟದ್ದು ಯಾರು?" ನೋಡಿ, ನನ್ನ ಲೆಕ್ಚರರ್ ಮೇಲೂ ಸಂಶಯ!

ಆಗಲೇ ನನಗೆ ಗಂಡು ನೋಡುತ್ತಿದ್ದರು. ನಮ್ಮಲ್ಲಿ ಸೋದರಮಾವ ಒಪ್ಪದೆ ಮದುವೆಯಿಲ್ಲ. ಈ ಮಾವ ಒಪ್ಪಬೇಕಲ್ಲ! ಸಿಗರೇಟು ಸೇದುತ್ತೇನೆ ಎಂದವನು ಔಟ್. ಹೋಟೆಲು ಸರಿಯಾಗಿ ನಡೆಯುತ್ತಿಲ್ಲ ಎಂದವನೂ ಔಟ್. "ನಂಗೆ ಸಿಟ್ಟು ಬೇಗ ಬರ್ತದೆ" ಎಂದು ತಾನೇ ಹೇಳಿದ ಮಣ್ಣಗುಡ್ಡದ ಬ್ಯಾಂಕು ಗುಮಾಸ್ತ ನನಗೆ ಹಿಡಿಸಿದ್ದ, ಅವನೂ ಔಟ್. ಕೊನೆಗೆ ಪಾಸಾದವನು ದುಬೈಯಲ್ಲಿದ್ದವನೊಬ್ಬ. ಕೇಳಿದ್ದಕ್ಕೆಲ್ಲ ಸರಿಯುತ್ತರ, ಒಂದೇ ಒಂದು ಕುಂದಿಲ್ಲ!

"ಮಾವ, ಕುಂದು ಕಂಡವರನ್ನೆಲ್ಲ ಕಿತ್ತು ಹಾಕಿದಿರಿ. ಈಗ ಉಳಿದವನು ಎಂಥವನು, ನೀವೇ ಯೋಚನೆ ಮಾಡಿ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಜಗಲಿಯಲ್ಲಿ ಕೂತು ನನ್ನನ್ನೂ ಹತ್ತಿರ ಕೂರಿಸಿಕೊಂಡರು.

"ನಿನ್ನ ಅಪ್ಪನನ್ನು ಆರಿಸಿದ್ದೂ ನಾನೇ ಮಗಾ. ಆಗ ನಂಗೆ ಒಂದು ಸಂಶಯವೂ ಬರಲಿಲ್ಲ."

ನನ್ನನ್ನು ತೊಟ್ಟಿಲಲ್ಲಿ ಬಿಟ್ಟು ಬೊಂಬಾಯಿಗೆ ಹೋದ ಅಪ್ಪ ಮರಳಿ ಬಂದವರಲ್ಲ. ಅಷ್ಟು ವರ್ಷ ಮಾವ ಊರಿಗೆಲ್ಲ ಹಂಚಿದ ಸಂಶಯ ಎಲ್ಲಿಂದ ಹುಟ್ಟಿತೆಂದು ಆಗ ತಿಳಿಯಿತು. ನನಗೆ ಅಳು ಬಂತು. ಅವರ ಕಣ್ಣೂ ತುಂಬಿತ್ತು.

"ನಿಂಗೆ ಯಾರು ಇಷ್ಟ, ಹೇಳು," ಎಂದರು. "ನಿನ್ನನ್ನು ನಾನು ನಂಬ್ತೇನೆ."